ಕಿತ್ತಳೆ ಬೆಳಕಿನಲ್ಲಿ ಬರೆದ ಮುಖ

ಶಕುನ, ಗಾಳಿ, ದೆವ್ವ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವಳು ನಾನು. ‘ನಿಮಗೆ ಬೇರೆ ಕೆಲಸ ಇಲ್ಲವೇ?’ ಎಂದು ಮುಖಕ್ಕೇ ಕೇಳಿ ಹಲವರ ಮನಸ್ಸು ನೋಯಿಸಿದ್ದೇನೆ. ಈಗ ಇದನ್ನು ಓದಿ ಅವರೆಲ್ಲ ನಗಬಹುದು. ನಗಲಿ. ನೀವು ನಂಬಲೇಬೇಕೆಂದೇನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಹುಬ್ಬಳ್ಳಿಯಲ್ಲಿ ಚಿತ್ರಕಲೆ ಕಲಿತವಳು ನಾನು. ಮದುವೆಯಾಗಿ ಕಡಲಾಚೆಯ ಬೇ ಏರಿಯಾದ ಮಿಲ್ಪಿಟಾಸಿಗೆ ಬಂದ ಮೇಲೆ ಇಪ್ಪತ್ತಾರು ವರ್ಷ ಬ್ರಶ್ಶು ಮುಟ್ಟಲಿಲ್ಲ. ಆಫೀಸು, ಡೇಕೇರು, ಫ್ರೀವೇ, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ನನ್ನ ಗಂಡನಿಗೆ ಕ್ಯಾನ್ಸರು ಎಂದು ಗೊತ್ತಾಗಿ, ಡಾಕ್ಟರು ಇನ್ನು ಕೆಲವೇ ತಿಂಗಳು ಎಂದಾಗ, ನನಗೊಂದು ಚಿತ್ರದ ಸ್ಟುಡಿಯೋ ಮಾಡುವ ಮಾತು ತೆಗೆದವರು ಅವರೇ. ಗರಾಜು ಖಾಲಿ ಮಾಡೋಣ ಎಂದರು. ಕಾರು ಎಲ್ಲಿಡುವುದು ಎಂದು ನಾನು ರೇಗಿದೆ.

“ಹೊರಗ ನಿಲ್ಲಲಿ ಬಿಡು. ಕಾರಿಗೇನು ನೆಗಡಿ ಆಗತದೇನು?” ಎಂದರು. “ಆದ್ರ ಮೊದಲನೇ ಚಿತ್ರ ನಂದ ಆಗಬೇಕು ನೋಡು. ನಾ ಹೋದಮ್ಯಾಲೆ ಯಾವುದಾರ ಒಂದ ಫೋಟೋಕ್ಕ ಹಾರ ಹಾಕಬ್ಯಾಡ. ನೀ ಬರದ ಮುಖ ಇರಲಿ.”

ಬಣ್ಣದ ಟ್ಯೂಬು ಇಡಲು ಗೋಡೆಗೆ ಹಲಗೆಯನ್ನು ಅವರೇ ಹೊಡೆದರು, ಒಂದು ಮೊಳೆ ಹೊಡೆದು ಹತ್ತು ನಿಮಿಷ ಕೂತು ಸುಧಾರಿಸಿಕೊಂಡು. ನಾನು ಕ್ಯಾನ್ವಾಸು ನಿಲ್ಲಿಸಲು ಒಂದು ಹಳೆಯ ಈಸೆಲ್ ಕೊಂಡು ತಂದೆ. ಸ್ವಂತ ಸ್ಟುಡಿಯೋ ಆಯಿತೆಂಬ ಸಂತೋಷ ಒಂದು ಚೂರೂ ಇರಲಿಲ್ಲ. ತುಕ್ಕು ಹಿಡಿದ ಈ ಕೈಗೆ ಅವರ ಮುಖ ಸಿಕ್ಕುತ್ತದೋ ಇಲ್ಲವೋ ಎಂಬ ಭಯವೊಂದೇ ಇತ್ತು.

ಕಾಡುಗಳಿಗೆ ಬೆಂಕಿ ಬಿದ್ದಿದ್ದ ಆ ವರ್ಷ ಒಂದು ದಿನ ಹೊಗೆ ಕವಿದು ಬೇ ಏರಿಯಾದಲ್ಲಿ ಬೆಳಗೇ ಆಗಲಿಲ್ಲ. ಇಲ್ಲಿದ್ದವರಿಗೆ ನೆನಪಿರುತ್ತದೆ. ಹತ್ತು ಗಂಟೆಗೂ ರಾತ್ರಿಯಂಥ ಕತ್ತಲು, ಆ ಕತ್ತಲಿಗೂ ಕಿತ್ತಳೆ ಬಣ್ಣ. ಇಂಥ ಬೆಳಕಿನಲ್ಲಿ ಬಣ್ಣ ಗುರುತು ಸಿಗುವುದಿಲ್ಲ, ಇನ್ನೊಂದು ದಿನ ಕೂರೋಣ ಎಂದೆ.

“ಇನ್ನೊಂದ ದಿನ ನನಗ ಸಿಗತದಂತ ಯಾರ ಹೇಳ್ಯಾರ? ಶುರು ಮಾಡು.”

ಅವರನ್ನು ಮಡಚುವ ಕುರ್ಚಿಯಲ್ಲಿ ಕೂರಿಸಿ, ಆ ಬೆಳಕಿನಲ್ಲೇ ಮೂರು ಗಂಟೆಯ ತನಕ ಬರೆದೆ. ಕೈ ತಾನಾಗಿಯೇ ಓಡಿತು. ಮೂಗಿಗೆ ಚಾಕುವಿನಿಂದ ದಪ್ಪಗೆ ಬಣ್ಣ ಮೆತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರು ಗೋಡೆ ಹಿಡಿದು ಎದ್ದು ಬಂದು ಬಹಳ ಹೊತ್ತು ನೋಡಿದರು.

“ನಮ್ಮಪ್ಪನ ಮೂಗು ಬಂದದಲ್ಲ! ಸಾಕು ಬಿಡು, ಇವನಽ ನಾನು,” ಎಂದರು. ಆಮೇಲೆ ಇಬ್ಬರೂ ಅತ್ತೆವು.

ಫೋನಿನಲ್ಲಿ ಒಂದು ಫೋಟೋ ತೆಗೆದೆ. ಆ ದಿನ ಯಾರ ಫೋನೂ ಆ ಬೆಳಕನ್ನು ಸರಿಯಾಗಿ ಹಿಡಿಯಲಿಲ್ಲ. ನನ್ನದರಲ್ಲೂ ಬರೀ ಬೂದು ಮಸಕು.

ಮರುದಿನ ಹೊಗೆ ತೆಳುವಾಗಿ ಬಿಳಿಯ ಬೆಳಕು ಬಂದಿತ್ತು. ನಾನು ಬ್ರಶ್ಶು ತೊಳೆಯುತ್ತಿದ್ದೆ. ಮಗಳು ಕಾಫಿ ಕಪ್ಪು ಹಿಡಿದು ಗರಾಜಿಗೆ ಬಂದಳು.

“ನೈಸ್ ಚೇರ್, ಅಮ್ಮಾ. ಅಪ್ಪ ಎಲ್ಲಿ?”

ತಿರುಗಿ ಕ್ಯಾನ್ವಾಸು ನೋಡಿದೆ. ಗೋಡೆ ಇತ್ತು, ಕುರ್ಚಿ ಇತ್ತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಮಗಳನ್ನು ಏನೋ ಹೇಳಿ ಕಳಿಸಿದೆ. ಗಂಡನಿಗೆ ತೋರಿಸಲಿಲ್ಲ, ಕ್ಯಾನ್ವಾಸಿಗೆ ಹಳೆಯ ಸೀರೆ ಹೊದಿಸಿ, ಇನ್ನೊಮ್ಮೆ ಕೂಡ್ರಿ, ಸ್ವಲ್ಪ ತಿದ್ದುವುದಿದೆ ಎಂದೆ. ನಾಳೆ ಎಂದರು. ಆದರೆ ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಮೂರು ವಾರಕ್ಕೆ ಹೋಗಿಬಿಟ್ಟರು, ತಮ್ಮ ಮುಖ ಕೆಳಗೆ ಗರಾಜಿನಲ್ಲಿದೆ ಎಂದು ನಂಬಿಕೊಂಡೇ.

ಹತ್ತಿರದ ಡ್ಯಾನ್‌ವಿಲ್‌ನಲ್ಲಿ ಚಿತ್ರ ಕಲಿಸುವ ಗೆಳತಿಯೊಬ್ಬಳು ಬಂದು ನೋಡಿದಳು. ಆ ಬೆಳಕಿನಲ್ಲಿ ನಿನಗೆ ಟ್ಯೂಬು ಅದಲುಬದಲಾಗಿದೆ, ಮುಖಕ್ಕೂ ಗೋಡೆಯ ಬಣ್ಣವನ್ನೇ ಹಚ್ಚಿದ್ದೀಯ ಎಂದಳು. ಇರಬಹುದು. ಹಾಗಿದ್ದರೆ ನಾನು ಮೆತ್ತಿದ ಮೂಗಿನ ದಪ್ಪ ಎಲ್ಲಿ ಹೋಯಿತು? ಎಷ್ಟು ಸಲ ಬೆರಳಾಡಿಸಿದರೂ ಅಲ್ಲಿ ನುಣುಪಾದ ಗೋಡೆಯೇ ಸಿಕ್ಕುತ್ತದೆ. ಹಾಗಾದರೆ ಅವರು ಅಂದು ನೋಡಿದ್ದಾದರೂ ಏನನ್ನು?

ಹಳದಿ ಬಲ್ಬು ಹಾಕಿ ನೋಡಿದೆ, ಬಲ್ಬಿಗೆ ಕಿತ್ತಳೆ ಕಾಗದ ಸುತ್ತಿ ನೋಡಿದೆ, ಸಂಜೆ ಬಿಸಿಲಿಗೆ ಹಿಡಿದು ನೋಡಿದೆ. ಯಾವುದಕ್ಕೂ ಅವರು ಬರಲಿಲ್ಲ. ಎರಡನೆಯ ಚಿತ್ರವನ್ನು ನಾನು ಇನ್ನೂ ಬರೆದಿಲ್ಲ. ನೆನಪಿನಿಂದ ಬರೆಯಲು ಕೂತರೆ ಕುರ್ಚಿಯಷ್ಟೇ ಬರುತ್ತದೆ.

ಈಗ ಬೇಸಿಗೆಯ ಕೊನೆಗೆ ಎಲ್ಲಿಂದಲೋ ಹೊಗೆಯ ವಾಸನೆ ಬಂದರೆ ಅಕ್ಕಪಕ್ಕದವರು ಕಿಟಕಿ ಮುಚ್ಚಿ, ಯಾರ ಮನೆಯೂ ಸುಡದಿರಲಪ್ಪಾ ಎನ್ನುತ್ತಾರೆ. ನಾನೂ ಬಾಯಲ್ಲಿ ಹಾಗೇ ಅನ್ನುತ್ತೇನೆ. ಅವರೆಲ್ಲ ಒಳಗೆ ಹೋದ ಮೇಲೆ ಕ್ಯಾನ್ವಾಸನ್ನು ಗರಾಜಿನ ಮುಂದಿನ ಡ್ರೈವ್‌ವೇಗೆ ತಂದು ನಿಲ್ಲಿಸಿಕೊಂಡು, ದೇವರು ನನ್ನನ್ನು ಕ್ಷಮಿಸಲಿ, ಇನ್ನಷ್ಟು ಉರಿಯಲಿ ಎಂದು ಬೇಡಿಕೊಳ್ಳುತ್ತೇನೆ.