ತೆಪ್ಪ ಹತ್ತದ ಹಡಗಿನ ಹುಡುಗ

ಲೈಫ್ ಜಾಕೆಟ್ಟಿನ ಬಕಲ್ ಮುರಿದಿತ್ತು. ಅದರ ಜಾಗದಲ್ಲಿ ಯಾರೋ ಲಂಗದ ಲಾಡಿ ಕಟ್ಟಿದ್ದರು. ಕಿತ್ತಳೆ ಬಣ್ಣ ಮಾಸಿ ಹಳೇ ಗೋಡೆಯ ಬಣ್ಣಕ್ಕೆ ತಿರುಗಿತ್ತು. ನಡುವೆ ಒಂದು ಹಳ್ಳ. ತೆಪ್ಪದವರು ದಿನವೂ ಅದರ ಮೇಲೆ ಕೂತು ಕೂತು ಬಿದ್ದ ಹಳ್ಳ.

ಕಳೆದ ಭಾನುವಾರ ತಿ. ನರಸೀಪುರದ ಸಂಗಮದಲ್ಲಿ ನನ್ನ ಮದುವೆಯ ಮಾತುಕತೆ ಸಿಕ್ಕಿಹಾಕಿಕೊಂಡದ್ದು ಈ ಜಾಕೆಟ್ಟಿಗೆ.

(ನನ್ನ ಮನೆಯ ವಿಷಯ ನಾನು ಈ ಅಂಕಣದಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತು. ಈ ವಾರ ಬೇರೇನೂ ತಲೆಗೆ ಬರಲಿಲ್ಲ. ಕ್ಷಮಿಸಿ.)

ಹುಡುಗ ಕವಲಂದೆಯವರು. ವಯಸ್ಸು ಮೂವತ್ತೊಂದು. ನಮ್ಮಲ್ಲಿ ತಾಳಿ ಕಟ್ಟುವವರೆಗೂ ಹುಡುಗನೇ. ಸರಕು ಹಡಗಿನಲ್ಲಿ ಥರ್ಡ್ ಇಂಜಿನಿಯರ್. ಹೆಸರು ಬೇಡ. ನಾವು ನಂಜನಗೂಡಿನವರು. ಹಾಗಿದ್ದರೆ ನರಸೀಪುರದಲ್ಲಿ ಏನು ಕೆಲಸ? ಈಚೆಗೆ ನಮ್ಮ ಕಡೆ ಹೆಣ್ಣು ನೋಡುವುದು ಮನೆಯಲ್ಲಲ್ಲ, ಪಕ್ಕದ ತಾಲ್ಲೂಕಿನ ದೇವಸ್ಥಾನದಲ್ಲಿ. ಒಪ್ಪಿಗೆಯಾಗದಿದ್ದರೆ ಬೀದಿಗೆ ಗೊತ್ತಾಗಬಾರದು ನೋಡಿ. ದರ್ಶನಕ್ಕೆ ಹೋಗಿದ್ದೆವು, ಅಷ್ಟೇ. ದೇವರು ಯಾರಿಗೂ ಹೇಳುವುದಿಲ್ಲ.

ಅಗಸ್ತ್ಯೇಶ್ವರನ ಗುಡಿಯ ಜಗಲಿಯ ಮೇಲೆ ವಿಚಾರಣೆ ಶುರುವಾಯಿತು. ಪ್ರಶ್ನೆ ಕೇಳಬೇಕಾದವಳು ನಾನು. ಕೇಳಿದವರು ದೊಡ್ಡಪ್ಪ. ಅವರದು ಹಾರ್ಡ್‌ವೇರ್ ಅಂಗಡಿ. ಸಮುದ್ರವನ್ನು ಒಮ್ಮೆ ರಾಮೇಶ್ವರದಲ್ಲಿ ನೋಡಿದ್ದಾರೆ, ಅದೂ ಬೆನ್ನು ಮಾಡಿ ನಿಂತು ಫೋಟೋ ತೆಗೆಸಿಕೊಳ್ಳುವಾಗ.

"ರಾತ್ರಿ ಹೊತ್ತು ಹಡಗು ಎಲ್ಲಿ ನಿಲ್ಲಿಸ್ತೀರಪ್ಪ?"

"ನಿಲ್ಸಲ್ಲ ಸರ್. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ಹಗಲೂ ರಾತ್ರಿ ಓಡ್ತಾನೇ ಇರುತ್ತೆ."

"ಸ್ಪೀಡ್ ಎಷ್ಟು?"

"ಗಂಟೆಗೆ ಇಪ್ಪತ್ತೈದು ಕಿಲೋಮೀಟ್ರು."

ದೊಡ್ಡಪ್ಪ ಅಪ್ಪನ ಮುಖ ನೋಡಿದರು. ಅಪ್ಪನ ಸ್ಕೂಟರ್ ಇದಕ್ಕಿಂತ ಜೋರು.

"ಕುಡಿಯೋ ನೀರು?" ಎಂದರು ದೊಡ್ಡಮ್ಮ. "ಅಷ್ಟು ತಿಂಗಳಿಗೂ ಇಲ್ಲಿಂದಲೇ ತುಂಬ್ಕೊಂಡ್ ಹೋಗ್ತೀರಾ?"

"ಸಮುದ್ರದ ನೀರು ಕಾಯ್ಸಿ, ಆವಿ ಮಾಡಿ, ಸಿಹಿನೀರು ಮಾಡ್ಕೋತೀವಿ. ಆ ಮಿಷನ್ ನೋಡ್ಕೊಳ್ಳೋದು ನಾನೇ."

ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು. ನಲ್ಲಿ ನೀರು ಬಿಡುವವರಿಗೆ ನಮ್ಮ ಬೀದಿಯಲ್ಲಿರುವ ಮರ್ಯಾದೆ ಆ ಕ್ಷಣ ಹುಡುಗನಿಗೂ ಸಿಕ್ಕಿತು.

"ಲಂಗರು ಎಷ್ಟು ಕೆ.ಜಿ. ಇರುತ್ತೆ?" ದೊಡ್ಡಪ್ಪ ತಮ್ಮ ಅಂಗಡಿಯ ವಿಷಯಕ್ಕೆ ಬಂದರು.

"ಲಂಗರಿಗಿಂತ ಸರಪಳಿ ಮುಖ್ಯ ಸರ್. ತಳದಲ್ಲಿ ಉದ್ದಕ್ಕೂ ಮಲಗಿರುತ್ತಲ್ಲ, ಆ ಭಾರಕ್ಕೇ ಹಡಗು ನಿಲ್ಲೋದು."

ಸರಪಳಿಯನ್ನು ತೂಕದ ಮೇಲೆ ಮಾರುವ ದೊಡ್ಡಪ್ಪನಿಗೆ ಇದು ತುಂಬಾ ಹಿಡಿಸಿತು. "ಅಳಿಯಂದ್ರು ವಿಷಯ ತಿಳ್ಕೊಂಡಿದ್ದಾರೆ" ಎಂದುಬಿಟ್ಟರು. ನನ್ನನ್ನು ಇನ್ನೂ ಯಾರೂ ಏನೂ ಕೇಳಿರಲಿಲ್ಲ.

ಅಮ್ಮ ಮಾತ್ರ ಕೊನೆಗೆ, "ದಿನಾ ಸಮುದ್ರ ನೋಡ್ಕೊಂಡಿರೋದು ಎಷ್ಟು ಚಂದ ಅಲ್ವಾ?" ಎಂದರು.

"ನಾನಿರೋದು ಇಂಜಿನ್ ರೂಮಲ್ಲಿ ಅಮ್ಮ. ಕಿಟಕಿ ಇಲ್ಲ. ಒಂದೊಂದು ದಿನ ಸಮುದ್ರಾನೇ ನೋಡಿರಲ್ಲ."

ಅಲ್ಲಿಗೆ ಎಲ್ಲರೂ ಎದ್ದು ಮನೆ ದಾರಿ ಹಿಡಿದಿದ್ದರೆ ಈ ಅಂಕಣ ಇರುತ್ತಿರಲಿಲ್ಲ. ದೊಡ್ಡಪ್ಪನಿಗೆ ಐಡಿಯಾ ಬಂತು. ಅಳಿಯ ಹಡಗಿನವನು. ಎದುರಿಗೇ ಹೊಳೆ. ಹೊಳೆಯಲ್ಲಿ ತೆಪ್ಪ. ಅಲ್ಲೇ ಒಂದು ಪರೀಕ್ಷೆ ಆಗಿಹೋಗಲಿ! "ಹುಟ್ಟು ಇವರ ಕೈಗೇ ಕೊಡಪ್ಪ" ಎಂದು ತೆಪ್ಪದವರಿಗೆ ಹೇಳಿಯೂ ಆಯಿತು. ಲಾರಿ ಮೆಕ್ಯಾನಿಕ್ಕಿಗೆ ಎತ್ತಿನಗಾಡಿ ಹೊಡೆಯಲು ಹೇಳಿದ ಹಾಗೆ.

ಎರಡೂ ಕಡೆಯವರು ಸೇರಿ ಹನ್ನೊಂದು ಜನ. ತೆಪ್ಪ ಒಂದು. ಕಪಿಲೆ ತುಂಬಿ ಹರಿಯುತ್ತಿದ್ದಳು.

ಹುಡುಗ ಚಪ್ಪಲಿ ಬಿಡಲಿಲ್ಲ. ತೆಪ್ಪದೊಳಗೆ ಬಗ್ಗಿ ನೋಡಿ, "ಲೈಫ್ ಜಾಕೆಟ್ ಎಷ್ಟಿವೆ?" ಎಂದರು.

"ಒಂದದೆ ಸಾ," ತೆಪ್ಪದವರು ಎದ್ದು ತೋರಿಸಿದರು. "ನಾ ಕುಂತ್ಕಳಕೆ ಮಡಿಕಂಡಿವ್ನಿ."

"ಹಾಗಾದ್ರೆ ನಾನು ಹತ್ತಲ್ಲ."

"ಅಯ್ಯೋ ಬುಡಿ ಸಾ, ಏನೂ ಆಗಕ್ಕಿಲ್ಲ. ನಮ್ಮವ್ವ ಕಣ್ರೀ ಈ ಹೊಳೆ."

ಹುಡುಗನ ತಾಯಿ ಮಗನ ತೋಳು ಹಿಡಿದರು. "ಕುಂತ್ಕಪ್ಪ, ಮಾನ ಕಳೀಬ್ಯಾಡ. ಬೀಗ್ರು ನೋಡ್ತಾವ್ರೆ."

"ನೋಡ್ಲಿ ಕಣವ್ವ. ನೀನೂ ಹತ್ಬ್ಯಾಡ."

ಅವ್ವ ಹತ್ತಿದರು. ಎಲ್ಲರೂ ಹತ್ತಿದರು. ಹತ್ತದಿದ್ದರೆ ತೆಪ್ಪದವರಿಗೆ, ಹೊಳೆಗೆ, ದೊಡ್ಡಪ್ಪನಿಗೆ, ಮೂವರಿಗೂ ಅವಮಾನವಲ್ಲವೇ? ನಾನೂ ಒಂದು ಕಾಲು ಒಳಗಿಟ್ಟಿದ್ದೆ. ತೆಗೆದೆ. ಧೈರ್ಯವೇನಲ್ಲ. ಜಾಗವೇ ಇರಲಿಲ್ಲ.

ಹೀಗೆ, ಯಾರೂ ಏರ್ಪಾಡು ಮಾಡದೆ, ಮೆಟ್ಟಿಲ ಮೇಲೆ ನಾವಿಬ್ಬರೇ ಉಳಿದೆವು. ಎದುರಿಗೆ ನಮ್ಮ ಎರಡೂ ವಂಶಗಳು ಒಂದು ಬುಟ್ಟಿಯಲ್ಲಿ ಗಿರಗಿರ ತಿರುಗುತ್ತಿದ್ದವು.

"ನಿಮಗೆ ಈಜು ಬರುತ್ತಾ?" ಕೇಳಿದೆ.

"ಬರುತ್ತೆ. ಅದಕ್ಕೂ ಜಾಕೆಟ್‌ಗೂ ಸಂಬಂಧ ಇಲ್ಲ."

ಹಡಗು ಹತ್ತಿದ ದಿನ ಮೊದಲು ತೋರಿಸುವುದು ಮಲಗುವ ಕೋಣೆಯನ್ನಲ್ಲವಂತೆ. ಗಂಟೆ ಬಾರಿಸಿದರೆ ಎಲ್ಲಿ ಬಂದು ನಿಲ್ಲಬೇಕು, ಯಾವ ದೋಣಿಗೆ ಇಳಿಯಬೇಕು, ಜಾಕೆಟ್ ಎಲ್ಲಿದೆ ಎನ್ನುವುದನ್ನು. ಆಮೇಲೆ ಆಗಾಗ ಗಂಟೆ ಬಾರಿಸುತ್ತಲೇ ಇರುತ್ತಾರೆ. ಬೆಂಕಿ ಬಿದ್ದಿರುವುದಿಲ್ಲ, ಹಡಗು ಮುಳುಗುತ್ತಿರುವುದಿಲ್ಲ. ಆದರೂ ಅಡುಗೆಯವರು ಒಲೆ ಆರಿಸಿ ಬರಬೇಕು, ಕ್ಯಾಪ್ಟನ್ನೂ ಜಾಕೆಟ್ ಹಾಕಬೇಕು, ಹೆಸರು ಕೂಗಿದರೆ ಎಲ್ಲರೂ ಓ ಎನ್ನಬೇಕು.

"ಯಾರೂ ನಗಲ್ವಾ?"

"ಹೊಸಬ್ರು ನಗ್ತಾರೆ. ಒಂದ್ಸಲ."

ಆಮೇಲೆ ಅವರೇ ಹೇಳಿದರು: "ವರ್ಷದಲ್ಲಿ ಆರೇಳು ತಿಂಗಳು ನಾನು ಮನೇಲಿ ಇರಲ್ಲ. ಜಗಲಿ ಮೇಲೆ ಯಾರೂ ಅದನ್ನ ಕೇಳಲಿಲ್ಲ. ನೀವು ಯೋಚ್ನೆ ಮಾಡ್ಬೇಕು."

(ಆಮೇಲೆ ಇದು ತಿಳಿದಾಗ ಅದೊಂದು ಕೊರತೆ ಎಂದವರು ಅಮ್ಮ. ನಾನಲ್ಲ.)

ತೆಪ್ಪ ಸುರಕ್ಷಿತವಾಗಿ ದಡಕ್ಕೆ ಬಂತು. ತೊಂದರೆಯಾದದ್ದೇ ಅಲ್ಲಿ. ಮುಳುಗದೆ ವಾಪಸ್ ಬಂದವರ ಮುಂದೆ ಯಾರ ವಾದ ನಡೆಯುತ್ತದೆ?

ಕಾರಿನಲ್ಲಿ ದೊಡ್ಡಪ್ಪನ ತೀರ್ಪು ಹೊರಬಿತ್ತು. "ತೆಪ್ಪಕ್ಕೆ ಹೆದರೋನು ಹಡಗಲ್ಲಿ ಏನ್ ಕಡಿದು ಗುಡ್ಡೆ ಹಾಕ್ತಾನೆ?" ಅಳಿಯಂದ್ರು ಹೋಗಿ ಅವನು ಆಗಿದ್ದರು. "ಇಂಜಿನಿಯರ್ ಅಂತೆ ಇಂಜಿನಿಯರ್! ಪಾತ್ರೆ ತೊಳೀತಾನೇನೋ."

ಏಳು ಸೀಟಿನ ಕಾರಿನಲ್ಲಿ ನಾವು ಎಂಟು ಜನ ಇದ್ದೆವು. ದಾರಿಯಲ್ಲಿ ಒಬ್ಬ ನೆಂಟರು ಸೇರಿಕೊಂಡಿದ್ದರು. ಬೆಲ್ಟ್ ಹಾಕದಿದ್ದರೂ ಬೀಪ್ ಬರದಂತೆ ಸಿಕ್ಕಿಸುವ ಒಂದು ಪುಟ್ಟ ಕ್ಲಿಪ್ ಸಿಗುತ್ತದೆ, ನೋಡಿದ್ದೀರಾ? ದೊಡ್ಡಪ್ಪನ ಬಳಿ ಎರಡಿವೆ. ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ನಂಜುಂಡೇಶ್ವರ, ಡಬಲ್ ಸೈಡ್ ಟೇಪಿನಲ್ಲಿ. ಇಡೀ ಕಾರಿನಲ್ಲಿ ಭದ್ರವಾಗಿ ಕೂತಿದ್ದವನು ಅವನೊಬ್ಬನೇ.

ನಗಬೇಡಿ. ನೀವೂ ಹಾಗೇ. ಪಕ್ಕದಲ್ಲಿ ಕೂತವರು ಬೆಲ್ಟ್ ಎಳೆದುಕೊಂಡರೆ, "ಯಾಕೆ, ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ವಾ?" ಎಂದು ಮುಖ ಸಣ್ಣದು ಮಾಡಿಕೊಂಡವರೇ. ನಮಗೆ ಜೀವ ಹೋದರೂ ಪರವಾಗಿಲ್ಲ, ಯಾರಿಗೂ ಬೇಜಾರಾಗಬಾರದು. ಅಷ್ಟು ಜನ ಹಿರಿಯರು ದಿಟ್ಟಿಸಿ ನೋಡುತ್ತಿರುವಾಗ, ಮದುವೆ ತಪ್ಪಿದರೂ ಸರಿ ಎಂದು ಹತ್ತಲ್ಲ ಎಂದವರನ್ನು ಹೇಡಿ ಎನ್ನಬಹುದೇ? ಹೆದರಿದವರು ಯಾರು? ದಡದಲ್ಲಿದ್ದವರೋ, ತೆಪ್ಪದಲ್ಲಿದ್ದವರೋ?

ಇದನ್ನೆಲ್ಲ ನಾನು ಕಾರಿನಲ್ಲಿ ಹೇಳಲಿಲ್ಲ. (ನನಗೂ ಯಾರಿಗೂ ಬೇಜಾರು ಮಾಡುವುದು ಗೊತ್ತಿಲ್ಲ.)

ಮನೆಗೆ ಬಂದ ಮೇಲೆ ಅಪ್ಪ ಮೆಲ್ಲಗೆ ಹೇಳಿದರು: "ನಾಳೆ ದೊಡ್ಡಪ್ಪ ಬೇಡ ಅಂತ ತಿಳಿಸಿಬಿಡ್ತಾರೆ. ನಿಂದೇನಾದ್ರೂ ಇದ್ರೆ ಬೆಳಿಗ್ಗೆಯೊಳಗೆ ಹೇಳಮ್ಮ."

ನಮ್ಮ ಮನೆಯಲ್ಲಿ ಎರಡು ಹೆಲ್ಮೆಟ್ ಇವೆ. ಅಪ್ಪನದು ಸ್ಕೂಟರಿನ ಕೊಕ್ಕೆಗೆ ನೇತಾಡುತ್ತಿರುತ್ತದೆ. ಬೈಪಾಸಿನಲ್ಲಿ ಪೊಲೀಸರು ಕಂಡರೆ ತಲೆಗೆ ಏರುತ್ತದೆ. ಇನ್ನೊಂದು ಬೀರುವಿನ ಮೇಲೆ, ಗಾಡಿ ಕೊಂಡಾಗಿನ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಹಿಂದೆ ಕೂರುವ ನನಗೆಂದು ತಂದದ್ದು.

ಮರುದಿನ ಬೆಳಿಗ್ಗೆ ಎಂದಿನಂತೆ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಅಪ್ಪ ಸ್ಕೂಟರ್ ಸ್ಟಾರ್ಟ್ ಮಾಡಿದರು. ನಾನು ಬೀರುವಿನ ಮೇಲಿಂದ ಹೆಲ್ಮೆಟ್ ಇಳಿಸಿ, ಕವರ್ ಹರಿದು, ಹಾಕಿಕೊಂಡು ಬಂದೆ. ಎದುರುಮನೆಯವರು ರಂಗೋಲಿ ಬಿಟ್ಟು ನೋಡಿದರು. ಕೊಕ್ಕೆಯಿಂದ ಅಪ್ಪನದನ್ನು ತೆಗೆದು ಅವರ ಕೈಗೆ ಕೊಟ್ಟು, "ನೀವು ಹಾಕದಿದ್ರೆ ನಾನು ಹತ್ತಲ್ಲ" ಎಂದೆ.

ಅಪ್ಪ ಇಂಜಿನ್ ಆಫ್ ಮಾಡಿದರು. ನನ್ನನ್ನೇ ನೋಡಿದರು. ಹೆಲ್ಮೆಟ್ ಹಾಕಿಕೊಂಡು, ಪಟ್ಟಿ ಬಿಗಿದು, ಕೇಳಿದರು:

"ಹಾಗಾದ್ರೆ ಕವಲಂದೆಗೆ ಫೋನ್ ಮಾಡ್ಲೇನಮ್ಮ?"