ಚೀಲ ತೊಡದ ಬಸವಂತಪ್ಪ

ಬಸವಂತಪ್ಪನವರಿಗೆ ಸಿಟ್ಟು ಬಂದರೆ ಮೊದಲು ಕನ್ನಡಕ ತೆಗೆಯುತ್ತಾರೆ. ಎದುರಿನವರ ಮುಖ ಮಸುಕಾದರೆ ದಾಕ್ಷಿಣ್ಯವೂ ಮಸುಕಾಗುತ್ತದೆ ಎಂಬುದು ಹೆಂಡತಿ ಶಾಂತಾಬಾಯಿಯವರ ವಿವರಣೆ. 1996ರ ನವೆಂಬರಿನ ಒಂದು ಶನಿವಾರ, ಅಮೆರಿಕದ ಒಂದು ವಿಶ್ವವಿದ್ಯಾಲಯದ ಸ್ಟೇಡಿಯಂ ಹೊರಗಿನ ಪಾರ್ಕಿಂಗ್ ಲಾಟಿನಲ್ಲಿ ಅವರು ಕನ್ನಡಕ ತೆಗೆದದ್ದು ಒಂದು ಕಾಗದದ ಚೀಲದ ದೆಸೆಯಿಂದ.

ದಿನಸಿ ಅಂಗಡಿಯ ಕಂದು ಚೀಲ, ಕಣ್ಣಿಗೆರಡು ತೂತು. ತಂಡ ಸೋತು ಸುಣ್ಣವಾದಾಗ ಇಲ್ಲಿನ ಅಭಿಮಾನಿಗಳು ಅದನ್ನು ತಲೆಗೆ ಮಗುಚಿಕೊಂಡು ಕೂರುತ್ತಾರೆ. ಈ ತಂಡ ನಮ್ಮದೆಂದು ಹೇಳಿಕೊಳ್ಳಲು ನಾಚಿಕೆ ಎಂದು ಅದರರ್ಥ. ನಾಚಿಕೆಯಿದ್ದವರು ಮನೆಯಲ್ಲಿರಬೇಕಪ್ಪ, ಟಿಕೆಟ್ ಕೊಂಡು ಬಂದು ನಾಚಿಕೊಳ್ಳುವುದು ಎಂಥ ಚಂದ? ಬಸವಂತಪ್ಪನವರಿಗೆ ಅರ್ಥವಾಗದ್ದು ಇದೇ.

ಬಾಗಲಕೋಟೆಯ ಈ ಸೇತುವೆ ಎಂಜಿನಿಯರು ಪಕ್ಕದ ಕ್ಯಾರಿ ಎಂಬ ಊರಿಗೆ ಬಂದ ಹೊಸದರಲ್ಲಿ ಆಟದ ಹೆಸರಿನ ಮೇಲೆಯೇ ಸಿಟ್ಟಾಗಿದ್ದರು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದಕ್ಕೆ ಫುಟ್‌ಬಾಲ್ ಅನ್ನುವುದೇ? ಕಂಕುಳ್‌ಬಾಲ್ ಅನ್ನಬಾರದೇ? ಆಟ ಕಲಿಸಿದವರು ಮೈಸೂರಿನ ಶೇಷಾದ್ರಿ. ಅದೇ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡಿದ ಸಾಫ್ಟ್‌ವೇರಿನವರು. ಹಳೆಯ ವಿದ್ಯಾರ್ಥಿಯೆಂದು ವರ್ಷವಿಡೀ ಒಂದು ಸಾಲು ಸೀಟು ಅವರ ಹೆಸರಿನಲ್ಲಿ ಸಿಗುತ್ತಿತ್ತು. ಆ ಸಾಲಿನ ತುಂಬ ಕನ್ನಡದವರು. ವಾರವೆಲ್ಲ ಮನೆ, ಗ್ಯಾರೇಜು, ಕಾರು, ಆಫೀಸು, ಮತ್ತೆ ಗ್ಯಾರೇಜು ಎಂದು ಬಾಯಿ ಹೊಲಿದುಕೊಂಡಿರುವ ಬಸವಂತಪ್ಪನವರು ಗಂಟಲು ಬಿಚ್ಚಿ ಕನ್ನಡ ಆಡುತ್ತಿದ್ದ ಜಾಗ ಅದೊಂದೇ.

ತಂಡದ ಹೆಸರು ಹೆರನ್ಸ್, ಅಂದರೆ ಬಕಪಕ್ಷಿಗಳು. ಹೆಸರಿಗೆ ತಕ್ಕ ಹಾಗೆ ಆ ವರ್ಷ ಗೆಲುವಿಗಾಗಿ ಕಾದದ್ದೇ ಕಾದದ್ದು. ಕೋಚ್ ವಿಟ್‌ಲಾಕ್ ಸೊಂಟದ ಮೇಲೆ ಎರಡೂ ಕೈಯಿಟ್ಟು ಗೆರೆಯಾಚೆ ನಿಲ್ಲುವ ಭಂಗಿ ನೋಡಿ ಬಸವಂತಪ್ಪನವರು ಅವರಿಗೆ ವಿಠ್ಠಲನೆಂದೇ ಹೆಸರಿಟ್ಟಿದ್ದರು. ಸೆಪ್ಟೆಂಬರಿನ ಸೆಖೆಯಲ್ಲಿ ತಿರುಗುತ್ತಿದ್ದ ಫ್ಯಾನುಗಳು ನವೆಂಬರಿನ ಚಳಿಗೆ ತಿರುಗಿಬಿದ್ದಿದ್ದವು. ಕೋಚನ್ನು ಕೊಚ್ಚಿಹಾಕಿ ಎಂದು ಊರೆಲ್ಲ ಕೂಗುತ್ತಿತ್ತು.

ಆಟಕ್ಕೆ ಮುಂಚೆ ಕಾರಿನ ಹಿಂಬಾಗಿಲು ತೆರೆದು, ಅಲ್ಲೇ ಊಟ ಹಂಚಿ ತಿನ್ನುವುದು ಇಲ್ಲಿನ ಪದ್ಧತಿ. ಶಾಂತಾಬಾಯಿಯವರು ಕಟ್ಟಿಕೊಟ್ಟ ಜೋಳದ ರೊಟ್ಟಿ, ಎಣ್ಣೆಗಾಯಿ ಬಸವಂತಪ್ಪನವರ ಪಾಲಿನದು. ಅವರು ಡಬ್ಬಿ ಬಿಚ್ಚುವಷ್ಟರಲ್ಲಿ ಶೇಷಾದ್ರಿ ಚೀಲ ಚಾಚಿದರು.

“ತಗೊಳಿ ಬಸವಂತಪ್ಪನೋರೆ, ನಿಮ್ ಸೈಜಿಗೇ ಕಟ್ ಮಾಡ್ಸಿದೀನಿ. ಇವತ್ತು ಇಡೀ ರೋ ಹಾಕ್ಕೊಂಡು ಪ್ರೊಟೆಸ್ಟ್ ಮಾಡ್ತಾ ಇದೀವಿ.”

“ನಾ ಒಲ್ಲೆರಿ.”

“ಅಲ್ರೀ, ಸೀಸನ್ನೇ ಹೋಯ್ತು! ಆ ವಿಟ್‌ಲಾಕ್‌ಗೆ ಇನ್ನೂ ಸಪೋರ್ಟ್ ಮಾಡ್ತೀರಾ?”

“ಮೊಣಕಾಲು ಮುರಕೊಂಡ ಹುಡುಗನ್ನ ನೋಡೀರೇನ್ರಿ? ಇನ್ನ ಜಲ್ಮದಾಗ ಆಡಂಗಿಲ್ಲ ಅಂವ. ಬ್ಯಾರೆ ಕೋಚ್ ಆಗಿದ್ರ ಸ್ಕಾಲರ್‌ಶಿಪ್ ಕಿತ್ತು ಊರಿಗೆ ಕಳಸ್ತಿದ್ದ. ಈ ವಿಠ್ಠಲ ಅವನ ಓದು ಬಿಡಸಿಲ್ಲ, ಪ್ರತಿ ಶನಿವಾರ ತಂಡದ ಅಂಗಿ ಹಾಕಿಸಿ ಬಾಜೂಕ ನಿಂದರಿಸ್ಕೋತಾನ. ನಮ್ಮ ಸೌಮ್ಯಾನ ಹೇಳ್ಯಾಳ.”

ಸೌಮ್ಯಾ ಬಸವಂತಪ್ಪನವರ ಮಗಳು. ಅಲ್ಲಿಯೇ ಓದುತ್ತ, ಗಾಯವಾದ ಆಟಗಾರರಿಗೆ ಪಟ್ಟಿ ಕಟ್ಟುವ, ಐಸ್ ಇಡುವ ಕೆಲಸಕ್ಕೆ ಸೇರಿದ್ದಳು.

“ಅದು ಚಾರಿಟಿ ಕಣ್ರೀ, ಫುಟ್‌ಬಾಲ್ ಅಲ್ಲ,” ಎಂದರು ಶೇಷಾದ್ರಿಯವರ ಹೆಂಡತಿ ಜಯಾ, ರೊಟ್ಟಿ ಮುರಿಯುತ್ತ.

“ನೋಡಿ, ನೇರವಾಗ್ ಹೇಳ್ಬಿಡ್ತೀನಿ,” ಎಂದರು ಶೇಷಾದ್ರಿ. “ರೋ ಅಂದ್ಮೇಲೆ ಯೂನಿಟಿ ಇರ್ಬೇಕು. ಚೀಲ ಹಾಕಲ್ಲ ಅಂದ್ರೆ ಮುಂದಿನ್ ವರ್ಷ ನಿಮ್ ಸೀಟ್ ಬೇರೆಯೋರಿಗೆ.”

ಕನ್ನಡಕ ಇಳಿಯಿತು. ನನ್ನ ಎಣ್ಣೆಗಾಯಿ ತಿನ್ನುತ್ತಲೇ ನನ್ನನ್ನು ಎಬ್ಬಿಸುವ ಮಾತೇ? ಆದರೆ ಆ ಸಾಲು ತಪ್ಪಿದರೆ ಶನಿವಾರವೂ ಸೋಮವಾರದಂತೆಯೇ ಎಂಬುದೂ ಅವರಿಗೆ ಗೊತ್ತಿತ್ತು. ಚೀಲ ಮುಟ್ಟದೆ ಒಳಗೆ ಹೋಗಿ ಕೂತರು. ಸಾಲಿನ ತುಂಬ ಕಂದು ಚೀಲಗಳು, ನಡುವೆ ಒಂದು ಬೋಳು ತಲೆ.

ಅರ್ಧ ಆಟ ಮುಗಿಯುವಷ್ಟರಲ್ಲಿ ಹೆರನ್ಸ್ ಮುಕ್ಕಾಲು ಮುಳುಗಿದ್ದರು. ವಿರಾಮಕ್ಕೆ ಕೋಚ್ ತಂಡದೊಂದಿಗೆ ಇವರ ಸಾಲಿನ ಕೆಳಗೇ ಹಾದುಹೋಗಬೇಕು. ಪಕ್ಕದಲ್ಲಿ ಊರುಗೋಲಿನ ಹುಡುಗ, ಅವನ ಹಿಂದೆ ಸೌಮ್ಯಾ. ಅವಳಿದ್ದದ್ದು ಶೇಷಾದ್ರಿಯವರಿಗೆ ಕಂಡಿತ್ತು. ಕಂಡರೇನು? ಇಲ್ಲಿ ಹುಟ್ಟಿದ ಮಕ್ಕಳು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಾರೆ. ಆದ್ದರಿಂದ ಅವಕ್ಕೆ ಕನ್ನಡ ತಿಳಿಯುವುದೇ ಇಲ್ಲವೆಂದು ಕ್ಯಾರಿಯ ಹಿರಿಯರೆಲ್ಲರ ನಂಬಿಕೆ. ಆ ಧೈರ್ಯದಿಂದಲೇ ಮಕ್ಕಳ ಎದುರು ಅವರ ಅಪ್ಪ ಅಮ್ಮಂದಿರನ್ನೇ ಆಡಿಕೊಳ್ಳುವುದುಂಟು. ಶೇಷಾದ್ರಿ ಎದ್ದು ನಿಂತು ಚೀಲದೊಳಗಿಂದ ಅಪ್ಪಟ ಕನ್ನಡದಲ್ಲಿ ಗುಡುಗಿದರು:

“ಲೇ ದಂಡಪಿಂಡ, ತೊಲಗೋ ಮನೆಗೆ! ಆ ಕುಂಟನ್ನ ಯಾಕೋ ಮೆರವಣಿಗೆ ಮಾಡ್ಸ್ತಿದೀಯ? ಅವನ್ನೂ ಕರ್ಕೊಂಡ್ ಹೋಗು!”

ಚೀಲಗಳೆಲ್ಲ ಗಲಗಲ ನಕ್ಕವು. ಕೋಚ್ ತಲೆಯೆತ್ತದೆ ನಡೆದರು. ಸೌಮ್ಯಾ ಮಾತ್ರ ನಿಂತಳು.

“ಶೇಷಾದ್ರಿ ಅಂಕಲ್, ನಂಗ ಕನ್ನಡ ತಿಳೀತದ,” ಎಂದಳು. “ಅಂವ ನನ್ ಫ್ರೆಂಡ್. ದಟ್ಸ್ ಸೋ ಮೀನ್!”

“ಜೋಕ್ ಕಣಮ್ಮಾ,” ಎಂದಿತು ಚೀಲ.

ಮಗಳು ಹುಡುಗನ ಹಿಂದೆ ಓಡಿದಳು. ಬಸವಂತಪ್ಪನವರು ತಮ್ಮ ಕುಶನ್ ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದರು.

“ಎಲ್ಲಿಗ್ರೀ?”

“ಮಾರಿ ಇದ್ದ ಮಂದಿ ನಡುವ ಕೂಡ್ತೀನ್ರಿ.”

ಮೇಲ್ಗಡೆ ಖಾಲಿ ಬೆಂಚುಗಳ ನಡುವೆ ಒಬ್ಬರೇ ಕೂತು, ಹೆರನ್ಸ್ ಕೊನೆಯತನಕ ಸೋಲುವುದನ್ನು ನೋಡಿದರು.

ಸೋಮವಾರ ಕೋಚನ್ನು ತೆಗೆದುಹಾಕಿದ ಸುದ್ದಿ ಬಂತು. ಅದರ ಹಿಂದೆಯೇ ಶೇಷಾದ್ರಿಯವರ ಫೋನು ಬಂತು.

“ಪ್ರಾಬ್ಲಂ ಸಾಲ್ವ್ ಆಯ್ತಲ್ಲ ಬಸವಂತಪ್ಪನೋರೆ! ಅವನೂ ಹೋದ, ಜಗಳಾನೂ ಹೋಯ್ತು. ಮುಂದಿನ್ ವರ್ಷ ನಿಮ್ ಸೀಟ್ ನಿಮ್ಗೇ. ರಿನ್ಯೂ ಮಾಡ್ಸ್ತಾ ಇದೀನಿ.”

“ಬ್ಯಾಡ್ರಿ. ಮೊದಲ ಆ ಹುಡುಗನ ಮುಂದ ನಿಂತು ತಪ್ಪಾತು ಅನ್ರಿ. ಆಮ್ಯಾಲೆ ಸೀಟಿನ ಮಾತು.”

“ಅಯ್ಯೋ, ಅವನಿಗೆ ಕನ್ನಡವೇ ಬರಲ್ಲ! ಅರ್ಥ ಆಗದ ಮಾತಿಗೆಲ್ಲ ಸಾರಿ ಕೇಳ್ತಾರೇನ್ರೀ?”

“ನನ್ನ ಮಗಳಿಗೆ ಅರ್ಥ ಆಗ್ಯಾದ,” ಎಂದರು. ಫೋನಿಟ್ಟ ಸದ್ದಿಗೆ ಅಡಿಗೆಮನೆಯಿಂದ ಶಾಂತಾಬಾಯಿ ಹೊರಬಂದರು.

ಶೇಷಾದ್ರಿ ತಪ್ಪಾಯಿತೆನ್ನಲಿಲ್ಲ. ಚಳಿಗಾಲ ಕಳೆದರೂ ಕನ್ನಡ ಸಂಘದ ಊಟಗಳಲ್ಲಿ “ಬಸವಂತಪ್ಪನೋರು ಟೂ ಸೆನ್ಸಿಟಿವ್” ಎಂಬ ಮಾತು ಪಲ್ಯದ ಜೊತೆ ಸುತ್ತುತ್ತಿತ್ತು. ಕುಂಟ ಅಂದವನು ಹಾಸ್ಯಗಾರ, ಕೇಳಿ ನೊಂದವನು ಸೆನ್ಸಿಟಿವ್! ಎಂಥ ನ್ಯಾಯವಯ್ಯಾ ಇದು ಎಂದು ಬಸವಂತಪ್ಪನವರು ಕಾರಿನ ಸ್ಟೀರಿಂಗಿಗೆ ಕೇಳಿದರು.

ಮುಂದಿನ ಸೆಪ್ಟೆಂಬರಿಗೆ ಅವರೇ ಎರಡು ಸೀಟು ಕೊಂಡರು, ಮೈದಾನದ ಮೂಲೆಯಲ್ಲಿ, ಅಪರಿಚಿತರ ನಡುವೆ. ಗಂಡ ಶನಿವಾರವೂ ಬಾಯಿ ಹೊಲಿದುಕೊಂಡು ಕೂರಬಾರದೆಂದು, ಆಟದ ತಲೆಬುಡ ತಿಳಿಯದ ಶಾಂತಾಬಾಯಿ ಮೊಟ್ಟಮೊದಲ ಬಾರಿಗೆ ಜೊತೆಗೆ ಬಂದರು. ಮೈದಾನದ ತುಂಬ ಒಬ್ಬರ ಮೇಲೊಬ್ಬರು ಬೀಳುವುದನ್ನು ತುಸು ಹೊತ್ತು ನೋಡಿ ಕೇಳಿದರು:

“ಇವರಾಗ ನಮ್ಮವರು ಯಾರ್ರಿ?”

ಬಸವಂತಪ್ಪನವರು ಇಡೀ ಸ್ಟೇಡಿಯಂಗೆ ಕೇಳುವಂತೆ ಕನ್ನಡದಲ್ಲಿ ಕೂಗಿ ಹೇಳಿದರು:

“ಸೋಲಾಕ ಹತ್ಯಾರಲ್ಲ, ಅವರು!”