ಹಸಿರು ಸೊನ್ನೆ

ಇಂಡಿಯಲ್ಲಿ ನಮ್ಮ ಮನೆಗೂ ಬಿಬಿಜಾನಳ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಬೆಳಿಗ್ಗೆ ನಾನು ಲಿಂಗಪೂಜೆಗೆ ಕುಳಿತಾಗ ಆಚೆ ಕಡೆ ಅವಳು ರೊಟ್ಟಿ ಬಡಿಯಲು ಶುರು ಮಾಡಿರುತ್ತಾಳೆ. ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗೆ ಎರಡು ಹೊತ್ತೂ ಜೋಳದ ರೊಟ್ಟಿ ಮಾಡಿಕೊಡುವುದು ಅವಳ ಕೆಲಸ. ಅವಳ ಬಡಿತ ಬೇರೆಯವರ ಹಾಗಲ್ಲ. ಮೂರು ಪೆಟ್ಟು, ಒಂದು ತಿರುವು, ಮತ್ತೆ ಮೂರು ಪೆಟ್ಟು, ಒಂದು ತಿರುವು. ರೊಟ್ಟಿ ಬೆಂದು ಹಂಚಿನಿಂದ ಇಳಿದ ಮೇಲೆ ಬೆರಳ ಗೆಣ್ಣಿನಿಂದ ಹಲಗೆಯ ಅಂಚಿಗೆ ಟಕ್ ಟಕ್ ಎಂದು ಎರಡು ಸಲ ಕುಟ್ಟುತ್ತಾಳೆ. ಅದು ಅವಳ ತಾಯಿ ಸೈದಾಬಿಯ ರೂಢಿ. ತಾಂಬಾ ಊರಿನ ಅವಳ ತವರುಮನೆಯಲ್ಲಿ ಆ ಸದ್ದಿಗೆ ಬಿಸಿ ರೊಟ್ಟಿ ತಯಾರಾಯಿತು, ಬಾ ಎಂದು ಅರ್ಥ. ಓಣಿಯಲ್ಲಿ ಎಲ್ಲಿ ಆಡುತ್ತಿದ್ದರೂ ತಮ್ಮ ಜುಲ್ಫಿಕರ ಓಡಿ ಬರುತ್ತಿದ್ದನಂತೆ.

ಆ ತಮ್ಮ ಈಗ ಮುದ್ದೇಬಿಹಾಳದಲ್ಲಿದ್ದಾನೆ. ಗಾಡಿಗಳ ಬ್ಯಾಟರಿ ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಅಕ್ಕನೊಡನೆ ಮಾತು ಬಿಟ್ಟು ಆರು ವರ್ಷವಾಯಿತು.

ಆಗ ಅವನು ಲಾರಿ ಹೊಡೆಯುತ್ತಿದ್ದ. ಉಳ್ಳಾಗಡ್ಡಿ ತುಂಬಿಕೊಂಡು ಸೂರತ್ ಕಡೆ ಹೋಗಿದ್ದಾಗ ಇಲ್ಲಿ ತಾಯಿ ಹಾಸಿಗೆ ಹಿಡಿದಳು. ಬಿಬಿಜಾನ ಫೋನ್ ಕೈಗೆತ್ತಿಕೊಂಡಾಗ ಸೈದಾಬಿ ಅವಳ ಮುಂಗೈ ಹಿಡಿದು ಹೇಳಿದಳಂತೆ: "ಅವಗ ಹೇಳಬ್ಯಾಡ. ಗಾಡಿ ಮ್ಯಾಲ ಇರೂ ಹುಡುಗ. ಸುದ್ದಿ ಕೇಳಿ ಗಾಬರ್‍ಯಾಗಿ ಜೋರ ಹೊಡಕೊಂಡ ಬಂದಾನು. ನಾ ಆರಾಮ ಆದ ಮ್ಯಾಲ ಹೇಳು." ಸೈದಾಬಿ ಆರಾಮಾಗಲಿಲ್ಲ. ಅವರಲ್ಲಿ ಮಣ್ಣು ತಡ ಮಾಡುವುದಿಲ್ಲ. ಸಂಜೆಯೊಳಗೆ ಎಲ್ಲ ಮುಗಿಯಿತು. ಜುಲ್ಫಿಕರ ಬಂದಾಗ ಅವನಿಗೆ ಕಂಡದ್ದು ಹಸಿ ಮಣ್ಣಿನ ದಿಬ್ಬ ಮಾತ್ರ.

"ಅಮ್ಮಾನ ಮುಖಾ ನನಗ ತೋರ್ಸಲಿಲ್ಲ ನೀ," ಎಂದ. "ಇನ್ನ ನಿನ್ನ ಮುಖಾ ನಾ ನೋಡೂದಿಲ್ಲ."

ತಾಯಿಯೇ ಬೇಡ ಅಂದಿದ್ದಳೆಂದು ಬಿಬಿಜಾನ ಹೇಳಲಿಲ್ಲವೇ ಎಂದು ನಾನೊಮ್ಮೆ ಕೇಳಿದೆ. "ಸತ್ತಾಕೀ ಮ್ಯಾಲ ಹೆಂಗ ಹಾಕ್ಲಿರಿ ಅಕ್ಕಾರ?" ಎಂದಳು.

ಹೀಗಿರುವಾಗ ಒಂದು ಮಧ್ಯಾಹ್ನ ಅವಳ ಮಗಳು ಮೆಹರುನ್ನಿಸಾ ಕಾಲೇಜಿನಿಂದ ನಗುತ್ತ ಬಂದಳು. ಅವಳು ಫೋನಿನಲ್ಲಿ ಒಂದು ಆಟ ಆಡುತ್ತಾಳೆ. ಅದರಲ್ಲಿ ಊರೂರಿನವರು ವೇಷ ತೊಟ್ಟು ಒಂದೇ ಕಾಡಿನಲ್ಲಿ ಸೇರುತ್ತಾರೆ, ಗುಂಪು ಕಟ್ಟಿಕೊಂಡು ದೊಡ್ಡ ದೊಡ್ಡ ಪ್ರಾಣಿಗಳ ಜೊತೆ ಹೋರಾಡುತ್ತಾರೆ. ಮುದ್ದೇಬಿಹಾಳದ ಗೆಳತಿಯೊಬ್ಬಳು ಹೇಳಿದಳಂತೆ, ತಮ್ಮೂರಿನ ಬ್ಯಾಟರಿ ಅಂಗಡಿಯವನೂ ಒಂದು ಗುಂಪಿನ ಮುಂದಾಳು, ಅವನಿಗೊಬ್ಬ ಹೀಲರ್ ಬೇಕಾಗಿದೆ ಎಂದು.

"ಮಾ, ಜುಲ್ಫಿ ಮಾಮಾ ಆಟ ಆಡ್ತಾನಂತ! ಇಷ್ಟ ದಪ್ಪ ಢಾಲು ಹಿಡ್ಕೊಂಡ ಎಲ್ಲಾರ ಮುಂದ ನಿಂದರ್ತಾನಂತ!"

ಬಿಬಿಜಾನ ಹಿಟ್ಟಿನ ಕೈ ಒರೆಸಿಕೊಂಡಳು. "ಅಲ್ಲಿ ಮುಖಾ ಕಾಣ್ತೈತೇನು?"

"ಮುಖಾ ಎಲ್ಲಿಂದ? ಬರೇ ಗೊಂಬಿ ಕಾಣ್ತಾವು."

"ಹಂಗಾರ ನನ್ನೂ ಒಳಗ ಕಳಿಸು."

ಆಟದೊಳಗೆ ಹೋಗುವಾಗಲೇ ಆಯ್ಕೆ ಮಾಡಬೇಕು. ಕತ್ತಿಯವನಾಗುವೆಯಾ, ಬೆಂಕಿ ಎಸೆಯುವವನಾಗುವೆಯಾ, ಗಾಯ ಮಾಯಿಸುವ ಹೀಲರ್ ಆಗುವೆಯಾ. ಆಮೇಲೆ ಒಂದೊಂದು ಲೆವೆಲ್ ಏರಿದಂತೆ ಒಂದೊಂದು ಪಾಯಿಂಟ್ ಸಿಗುತ್ತದೆ. ಅದನ್ನು ಮೈಯ ಗಟ್ಟಿತನಕ್ಕೆ ಹಾಕಬಹುದು, ಹೊಡೆತಕ್ಕೆ ಹಾಕಬಹುದು, ಮಾಯಿಸುವ ಶಕ್ತಿಗೆ ಹಾಕಬಹುದು. ಹೀಗೆ ಹಂಚಿ ಕಟ್ಟಿದ್ದಕ್ಕೆ ಅವರು ಬಿಲ್ಡ್ ಎನ್ನುತ್ತಾರೆ. ಒಮ್ಮೆ ಹಾಕಿದ್ದನ್ನು ಹಿಂದೆ ತೆಗೆಯಬೇಕಾದರೆ ಒಂದು ಮಂತ್ರದ ಓಲೆ ಬೇಕು. ಅದು ತಿಂಗಳುಗಟ್ಟಲೆ ಆಡಿದವರಿಗೆ ಎಲ್ಲೋ ಒಂದು ಸಿಗುತ್ತದಂತೆ. ಮೆಹರು ಹೇಳುವುದನ್ನು ಪಕ್ಕದಲ್ಲಿ ಕುಳಿತು ಕೇಳಿ ಕೇಳಿ ನನಗೂ ಇಷ್ಟು ತಿಳಿಯಿತು.

ಬಿಬಿಜಾನ ಎಲ್ಲ ಪಾಯಿಂಟುಗಳನ್ನೂ ಮಾಯಿಸುವುದಕ್ಕೇ ಹಾಕಿದಳು.

"ಮಾ, ನಾಕರ ಹೊಡೆತಕ್ಕ ಹಾಕು. ಒಬ್ಬಾಕಿ ಸಿಕ್ರ ಮೊಲ ಬಂದ ಕಚ್ಚಿದ್ರೂ ಸಾಯ್ತಿ ನೀ."

"ನಾ ಯಾರ್ನ ಹೊಡೀಬೇಕವಾ? ನಾ ಅವನ ಹಿಂದ ಇರಾಕಿ."

ಹೆಸರಿಡುವಾಗ ಮೆಹರು ಚೇಷ್ಟೆಗೆ 'ಲಿಂಬಿಕಾಯಿ' ಎಂದಿಟ್ಟಳು. ಜುಲ್ಫಿಕರನ ಗುಂಪಿಗೆ ಹೀಲರ್ ಆಗಿ ಬರುವವರು ಯಾರೂ ಇರಲಿಲ್ಲ. ಆ ಕೆಲಸದಲ್ಲಿ ಹೆಸರಿಲ್ಲವಲ್ಲ. ಲಿಂಬಿಕಾಯಿಯನ್ನು ಕೇಳಿದ ತಕ್ಷಣ ಸೇರಿಸಿಕೊಂಡರು. ಯಾರೋ ಹುಡುಗ, ಮಾತು ಕಡಿಮೆ ಎಂದುಕೊಂಡರು. ಬಿಬಿಜಾನ ಮೈಕ್ ತೆರೆಯುತ್ತಿರಲಿಲ್ಲ. ಕೇಳುವುದಷ್ಟೇ.

ಮಧ್ಯಾಹ್ನದ ನಮಾಜಿನ ನಂತರ ಜುಲ್ಫಿಕರನ ಅಂಗಡಿಗೆ ಹೆಚ್ಚು ಗಿರಾಕಿ ಬರುವುದಿಲ್ಲ. ಅವನು ಆಡುವುದು ಆಗ. ಇವಳ ಮೊದಲ ಪಾಳಿ ರೊಟ್ಟಿಯೂ ಅಷ್ಟೊತ್ತಿಗೆ ಮುಗಿದಿರುತ್ತದೆ. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಡುವಳು.

ಮೊದಮೊದಲು ಅವಳ ಕೈಯಲ್ಲಿ ಏನೂ ಆಗಲಿಲ್ಲ. ನಾಲ್ಕು ಗುಂಡಿ. ನೀಲಿ ಒತ್ತಿದರೆ ತಮ್ಮನಿಗೆ ಮುಚ್ಚಳದಂತೆ ರಕ್ಷೆ. ಸಣ್ಣ ಹಸಿರು ಒತ್ತಿದರೆ ಸ್ವಲ್ಪ ಜೀವ, ದೊಡ್ಡ ಹಸಿರು ಒತ್ತಿದರೆ ಬಹಳ ಜೀವ. ಹಳದಿ ಒತ್ತಿದರೆ ಅವಳ ಶಕ್ತಿ ತಿರುಗಿ ತುಂಬುತ್ತದೆ. ಒಂದು ಒತ್ತಿದ ಮೇಲೆ ಅದು ಮತ್ತೆ ಕೆಲಸಕ್ಕೆ ಬರಲು ಕಾಯಬೇಕು. ಅವಳು ಗಾಬರಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಒತ್ತಿಬಿಡುತ್ತಿದ್ದಳು. ಬೇಕಾದಾಗ ಒಂದೂ ಇರುತ್ತಿರಲಿಲ್ಲ. ತಮ್ಮನ ಗೊಂಬೆ ಧೊಪ್ಪನೆ ಬೀಳುತ್ತಿತ್ತು. ಬಿದ್ದವನು ಫೋನಿನಲ್ಲಿ ಕೂಗುತ್ತಿದ್ದ:

"ಏ ಲಿಂಬಿಕಾಯಿ! ನಿದ್ದಿ ಹತ್ತೇತೇನಲೇ? ನಾ ಇಲ್ಲಿ ಸಾಯಾಕತ್ತೇನಿ, ನೀ ಉಪ್ಪಿನಕಾಯಿ ಆಗಾಕತ್ತೀಯೇನ್?"

ಬಿಬಿಜಾನ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗುವಾಗಲೇ ಕಣ್ಣು ತುಂಬಿತು. "'ಲೇ' ಅಂದ ನೋಡ್ರಿ ಅಕ್ಕಾರ. ನನಗ 'ಲೇ' ಅಂದ."

"ಮಾ, ಇದಕ್ಕ ರೊಟೇಶನ್ ಅಂತ ಇರ್ತೈತಿ," ಎಂದಳು ಮೆಹರು. "ಯಾವ ಗುಂಡಿ ಆದ ಮ್ಯಾಲ ಯಾವ ಗುಂಡಿ, ಎಷ್ಟ ತಡದ ಒತ್ತಬೇಕು, ಅದನ್ನ ಕೈಗೆ ಹತ್ತಸ್ಕೋಬೇಕು."

"ಏನ್ ರೊಟ್ಟಿ?"

"ರೊಟ್ಟಿ ಅಲ್ಲ ಮಾ, ರೊಟೇಶನ್!"

ಮೆಹರು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಿಬಿಜಾನ ನಗಲಿಲ್ಲ. ಸ್ವಲ್ಪ ಹೊತ್ತು ಹಲಗೆಯನ್ನೇ ನೋಡುತ್ತ ಕುಳಿತಳು. ಆಮೇಲೆ ಎಡಗೈಯಿಂದ ಬರಿ ಹಲಗೆಯ ಮೇಲೆ ಬಡಿಯತೊಡಗಿದಳು. ಮೂರು ಪೆಟ್ಟಿಗೆ ನೀಲಿ, ತಿರುವಿಗೆ ಸಣ್ಣ ಹಸಿರು, ಮತ್ತೆ ಮೂರಕ್ಕೆ ದೊಡ್ಡ ಹಸಿರು, ತಿರುವಿಗೆ ಹಳದಿ. ಬಲಗೈ ಹೆಬ್ಬೆರಳು ಎಡಗೈಯ ಮಾತು ಕೇಳತೊಡಗಿತು. ಅವಳು ಜೀವ ಕೊಟ್ಟಾಗಲೆಲ್ಲ ತಮ್ಮನ ತಲೆಯ ಮೇಲೆ ಹಸಿರು ಅಂಕಿ ಏಳುತ್ತದೆ, ಎಷ್ಟು ಕೊಟ್ಟಳೆಂದು ತೋರಿಸಿ ಮಾಯವಾಗುತ್ತದೆ. ಅವಳಿಗೆ ಇಂಗ್ಲಿಷ್ ಓದಲು ಬಾರದು, ಅಂಕಿ ಬರುತ್ತದೆ. "ನೋಡ್ರಿ, ಎಷ್ಟ ಕೊಟ್ಟೆ," ಎಂದು ನನಗೆ ತೋರಿಸುತ್ತಿದ್ದಳು.

ಆ ಗುಂಪಿನಲ್ಲಿ ಸಿಂದಗಿಯ ಸುನೀಲಕುಮಾರ ಎಂಬ ಬಿಲ್ಲುಗಾರ ಹುಡುಗನೊಬ್ಬನಿದ್ದ, ಬಾಯಿಗೆ ಬೀಗವಿಲ್ಲದವನು. "ಅಣ್ಣಾ, ಈ ಲಿಂಬಿ ಬಂದ ಮ್ಯಾಲ ನೀ ಸಾಯೂದನ್ನ ಮರತಿ ನೋಡು," ಎನ್ನುತ್ತಿದ್ದ.

"ಹೂಂ, ಮಂಗ್ಯಾ ಆದ್ರೂ ಕೈ ಚೊಲೋ ಐತಿ," ಎಂದ ಜುಲ್ಫಿಕರ ಒಂದು ದಿನ. ಆ ಮಾತನ್ನು ಬಿಬಿಜಾನ ಗೋಡೆಯಾಚೆಯಿಂದ ಕೂಗಿ ನನಗೆ ಹೇಳಿದಳು. ನಾನು ಸಂಜೆಯ ಪೂಜೆಗೆ ಹೂ ಬಿಡಿಸುತ್ತಿದ್ದೆ. ಒಂದು ಹೂ ಹೆಚ್ಚಿಗೆ ಏರಿಸಿದೆ.

ಅವಳಿಗೆ ಹೆಚ್ಚಿನದೇನೂ ಬೇಕಾಗಿರಲಿಲ್ಲ. ನಾನು ಅಕ್ಕ ಎಂದು ಹೇಳುವ ಆಸೆಯೂ ಇರಲಿಲ್ಲ. ಮಧ್ಯಾಹ್ನದ ಆ ಜಾಗ, ಅವನ ಬೆನ್ನ ಹಿಂದಿನ ಆ ಜಾಗ ತನಗೆ ಇರಲಿ ಎಂಬುದಷ್ಟೇ. ಅದು ಹೋಗುವುದೇ ಅವಳ ಹೆದರಿಕೆ.

ಶ್ರಾವಣದ ಒಂದು ಸೋಮವಾರ ನಾನು ಅಲ್ಲೇ ಕುಳಿತಿದ್ದೆ. ಗುಂಪಿನವರು ಒಂದು ದೊಡ್ಡ ಪ್ರಾಣಿಯ ಎದುರು ನಿಂತಿದ್ದರು. ಮೂರು ತಲೆಯದು. ಹಿಂದೆ ಅವರನ್ನು ಎಷ್ಟೋ ಸಲ ಸೋಲಿಸಿತ್ತು. ಖಾನಾವಳಿಯಲ್ಲಿ ಅಂದು ಯಾವುದೋ ಸಮಾರಂಭದ ಊಟವಿತ್ತೆಂದು ಸಂಜೆಯ ಹಿಟ್ಟನ್ನು ಅವಳು ಆಗಲೇ ನಾದಿದ್ದಳು. ಕೈ ಹಸಿ ಇತ್ತು. ಒರೆಸಿಕೊಂಡರೂ ಹೆಬ್ಬೆರಳ ತೇವ ಆರಿರಲಿಲ್ಲ. ಗಾಜಿನ ಮೇಲೆ ಅದು ಎಲ್ಲೆಲ್ಲಿ ತಾಗಿತೋ, ಮೈಕ್ ತೆರೆದುಕೊಂಡಿತು. ಅದು ನಮ್ಮಿಬ್ಬರ ಗಮನಕ್ಕಾಗಲಿ, ಪಕ್ಕದಲ್ಲಿದ್ದ ಮೆಹರುವಿನ ಗಮನಕ್ಕಾಗಲಿ ಬರಲಿಲ್ಲ.

ಹೋರಾಟ ಬಹಳ ಹೊತ್ತು ನಡೆಯಿತು. ಮೂರು ಪೆಟ್ಟು, ತಿರುವು. ಮೂರು ಪೆಟ್ಟು, ತಿರುವು. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಕೊನೆಗೆ ಪ್ರಾಣಿ ಮೂರು ತಲೆ ಚೆಲ್ಲಿ ಮಗುಚಿ ಬಿತ್ತು. ಎಲ್ಲರೂ ಹೋ ಎಂದು ಕೂಗಿದರು. ಬಿಬಿಜಾನ ಉಸಿರು ಬಿಟ್ಟು, ರೊಟ್ಟಿ ಇಳಿಸಿದವಳಂತೆ, ಬೆರಳ ಗೆಣ್ಣಿನಿಂದ ಹಲಗೆಯ ಅಂಚಿಗೆ ಕುಟ್ಟಿದಳು. ಟಕ್ ಟಕ್.

"ಏ, ಯಾರ ಮನ್ಯಾಗೋ ರೊಟ್ಟಿ ಬಡ್ಯಾಕತ್ತಾರಲೇ!" ಎಂದು ಸುನೀಲಕುಮಾರ ನಕ್ಕ. "ಏನ್ ಲಿಂಬಿ, ನಿಮ್ಮವ್ವ ಊಟಕ್ಕ ಕರ್ಯಾಕತ್ತಾಳೇನು? ನಮಗೂ ಎರಡು ಹಾಕಾಕ ಹೇಳು!"

ಉಳಿದವರೂ ನಕ್ಕರು. ಜುಲ್ಫಿಕರ ನಗಲಿಲ್ಲ. ಢಾಲು ಹಿಡಿದ ಅವನ ಗೊಂಬೆ ಬಿದ್ದ ಪ್ರಾಣಿಯ ಪಕ್ಕ ನಿಂತೇ ಇತ್ತು. ಅವನು ಮಾತಾಡಿದಾಗ ಧ್ವನಿ ಬಹಳ ಮೆತ್ತಗಿತ್ತು.

"ಲಿಂಬಿಕಾಯಿಯವರ, ಮೈಕ್ ಬಂದ್ ಮಾಡ್ರಿ."

ಅಷ್ಟು ಹೇಳಿ ಅವನು ಆಟದಿಂದ ಹೊರಗೆ ಹೋದ.

ಮೆಹರು ಮೈಕ್ ಮುಚ್ಚಿದಳು. ಬಿಬಿಜಾನ ಗೋಡೆಗೆ ಒರಗಿದಳು. "ಮಾಡ್ರಿ ಅಂದ," ಎಂದಳು. "ಸಣ್ಣಾಂವ ಇದ್ದಾಗ ಎತ್ತಿ ಆಡಿಸೇನಿ. ಬೈದಾನ, ಜಗಳಾಡ್ಯಾನ, ಗೋರಿ ಮುಂದ ನಿಂತ ಅಂಥಾ ಮಾತ ಆಡ್ಯಾನ. ಆಗೂ 'ನೀ' ಅಂದಾನ. ಒಮ್ಮಿನೂ 'ರಿ' ಅಂದಿಲ್ಲರಿ ಅಕ್ಕಾರ. ಗಿರಾಕಿಗೆ ಅಂದಂಗ ಅಂದ."

ನಾನು ಹತ್ತಿರ ಸರಿದು ಅವಳ ಹಿಟ್ಟಿನ ಕೈಯನ್ನು ಹಿಡಿದುಕೊಂಡು ಕುಳಿತೆ.

ಅದಾದ ಮೇಲೆ ಕೆಲವು ದಿನ ಅವನು ಬರಲಿಲ್ಲ. ಬಿಬಿಜಾನಳ ಗೊಂಬೆ ಗುಂಪಿನ ಬಿಡಾರದಲ್ಲಿ ಒಂಟಿಯಾಗಿ ನಿಂತಿರುತ್ತಿತ್ತು. ಒಮ್ಮೆ ಬಿಡಾರದ ಆಚೆ ಹೆಜ್ಜೆ ಇಟ್ಟಳು, ಮೆಹರು ಹೇಳಿದ್ದಂತೆಯೇ ಯಾವುದೋ ಸಣ್ಣ ಪ್ರಾಣಿ ಬಂದು ಕಚ್ಚಿ ಕೆಡವಿತು. ತಿರುಗಿ ಹೊಡೆಯಲು ಅವಳ ಹತ್ತಿರ ಒಂದು ಗುಂಡಿಯೂ ಇರಲಿಲ್ಲ.

ಮುಂದಿನ ಶುಕ್ರವಾರ ಜುಲ್ಫಿಕರ ಬಂದ. ಅವನ ಗೊಂಬೆ ಬೇರೆಯಾಗಿ ಕಾಣುತ್ತಿತ್ತು. ಢಾಲು ಸಣ್ಣದಾಗಿತ್ತು, ಕೈಯಲ್ಲಿ ಕೆಂಪು ಕತ್ತಿ. ಮೆಹರು ಅವನ ಮೇಲೆ ಬೆರಳಿಟ್ಟು ಏನೇನೋ ಓದಿದಳು. ಓದುತ್ತ ತಾಯಿಯ ಕಡೆ ನೋಡಿದಳು.

"ಏನಾತು ಹೇಳವಾ," ಎಂದಳು ತಾಯಿ.

"ಮಾಮಾ ತನ್ನ ಓಲೆ ಖರ್ಚ್ ಮಾಡ್ಯಾನ ಮಾ. ಎಲ್ಲಾ ಪಾಯಿಂಟ್ ಹಿಂದ ತಗದು ಹೊಸದಾಗಿ ಹಾಕ್ಯಾನ. ಈಗ ಅಂವ ಒಂದ ಏಟ ಹೊಡದ್ರ ಅವನ ಜೀವಾ ತಾನ ತುಂಬ್ತೈತಿ." ಫೋನನ್ನು ಮತ್ತೆ ಡಬ್ಬಿಗೆ ಆನಿಸುತ್ತ ಹೇಳಿದಳು: "ಅವಗ ಹೀಲರ್ ಬೇಕಾಗೂದಿಲ್ಲ."

ಅಷ್ಟರಲ್ಲಿ ಸುನೀಲಕುಮಾರ ಕೂಗಾಡುತ್ತಿದ್ದ. "ಅಣ್ಣಾ, ಇದೆಂಥಾ ಹುಚ್ಚ ಬಿಲ್ಡ್ ಮಾರಾಯಾ! ನಿನ್ನ ಗಟ್ಟಿತನ ಅರ್ಧಾ ಹೋತಲ್ಲ! ಯಾರ ಹೇಳಿದ್ರ ನಿನಗ?"

"ಯಾರೂ ಹೇಳಿಲ್ಲ," ಎಂದ ಜುಲ್ಫಿಕರ. "ಮಂದೀ ಕೈ ನೋಡ್ಕೋತ ಎಷ್ಟ ದಿನ ನಿಂದ್ರೂದು?"

"ಹಂಗಾರ ಲಿಂಬಿ ಯಾಕ ಬೇಕು? ಲಿಂಬೀನ ತಗದು ಇನ್ನೊಬ್ಬ ಬಿಲ್ಲಿನಾಂವನ್ನ ತಗೊಳ್ಳೂಣು."

ಬಿಬಿಜಾನ ನನ್ನ ಮುಂಗೈ ಹಿಡಿದಳು. ಆ ಕಡೆ ಯಾರೋ ಅಂಗಡಿಗೆ ಬಂದು ಅವನನ್ನು ಏನೋ ಕೇಳಿದ್ದು ಕೇಳಿಸಿತು. ಅವನು ಆಮೇಲೆ ಬರ್ರಿ ಎಂದದ್ದೂ ಕೇಳಿಸಿತು.

"ಇರ್ಲಿ ಬಿಡು," ಎಂದ ಕೊನೆಗೆ.

ಆ ಎರಡು ಮಾತನ್ನು ಬಿಬಿಜಾನ ಇವತ್ತಿಗೂ ತಿರುವಿ ತಿರುವಿ ನೋಡುತ್ತಾಳೆ. ಅಕ್ಕ ಎಂದು ಗೊತ್ತಾಗಿ ಇರಲಿ ಅಂದನೋ, ತೆಗೆಯುವ ಕಷ್ಟ ಯಾಕೆಂದು ಅಂದನೋ. "ನಿಮಗೇನ ಅನಸ್ತೈತ್ರಿ?" ಎಂದು ಕೇಳುತ್ತಾಳೆ. ನನಗೆ ಒಂದೊಂದು ದಿನ ಒಂದೊಂದು ಅನಿಸುತ್ತದೆ. ಅವಳಿಗೆ ಬೇಕಾದದ್ದನ್ನು ಹೇಳಿಬಿಡಬಹುದು. ಬಾಯಿ ಬರುವುದಿಲ್ಲ.

ಮೆಹರು ಒಂದು ಉಪಾಯ ಹೇಳಿದಳು. ಮುದ್ದೇಬಿಹಾಳದ ಬಸ್ಸು ಹತ್ತಿ ಅಂಗಡಿಗೇ ಹೋಗೋಣ ಎಂದಳು. "ಮುಖಾ ನೋಡೂದಿಲ್ಲ ಅಂದಾನ," ಎಂದಳು ಬಿಬಿಜಾನ. "ಹೋಗಿ ಮುಂದ ನಿಂತು ಕಣ್ಣ ಮುಚ್ಕೋ ಅನ್ನಲೇನು?"

ಈಗಲೂ ಮಧ್ಯಾಹ್ನ ಅವರು ಆಡುತ್ತಾರೆ. ಲಿಂಬಿಕಾಯಿ ಅವನ ಬೆನ್ನ ಹಿಂದೆ ನಿಂತಿರುತ್ತದೆ. ಅವನಿಗೆ ಪೆಟ್ಟು ಬೀಳುತ್ತದೆ. ಇವಳ ಎಡಗೈ ಬಡಿಯುತ್ತದೆ, ಬಲಗೈ ಒತ್ತುತ್ತದೆ. ಇವಳು ಕಳಿಸಿದ್ದು ಮುಟ್ಟುವ ಮೊದಲೇ ಅವನು ಕೆಂಪು ಕತ್ತಿ ಬೀಸಿ ತನ್ನ ಜೀವ ತುಂಬಿಕೊಂಡಿರುತ್ತಾನೆ. ಅವನ ತಲೆಯ ಮೇಲೆ ಒಂದು ಹಸಿರು ಸೊನ್ನೆ ಏಳುತ್ತದೆ. ಮತ್ತೆ ಒತ್ತುತ್ತಾಳೆ, ಮತ್ತೆ ಸೊನ್ನೆ. ಉಳಿದವರಿಗೆ ಆಗೀಗ ಗಾಯವಾದರೆ ಅವರಿಗೆ ಕೊಡುತ್ತಾಳೆ. ಸುನೀಲಕುಮಾರ ಶಾಬಾಸ್ ಲಿಂಬಿ ಎನ್ನುತ್ತಾನೆ. ಜುಲ್ಫಿಕರ ಏನೂ ಅನ್ನುವುದಿಲ್ಲ. ಬೈಯುವುದೂ ಇಲ್ಲ.

"ಬರೇ ಸೊನ್ನಿ ಬರ್ತೈತಲ್ಲವಾ, ಯಾಕ ಒತ್ತತಿ?" ಎಂದು ಕೇಳಿದೆ.

"ಸೊನ್ನೀರ ಅವನ ತಲೀ ಮ್ಯಾಲ ಬೀಳ್ತೈತಲ್ಲರಿ," ಎಂದಳು.

ಬೆಳಗಿನ ಪೂಜೆಯಲ್ಲಿ ಅವಳಿಗಾಗಿ ಏನಾದರೂ ಬೇಡಬೇಕೆಂದು ಕುಳಿತುಕೊಳ್ಳುತ್ತೇನೆ. ಏನು ಬೇಡಬೇಕೆಂದು ತಿಳಿಯುವುದಿಲ್ಲ. ಇವಳ ಕೈಗೆ ಕೆಲಸ ಬರಬೇಕಾದರೆ ಅವನು ತಾನೇ ತುಂಬಿಕೊಳ್ಳಲಾರದಷ್ಟು ಗಾಯವಾಗಬೇಕು. ಅದನ್ನು ದೇವರ ಮುಂದೆ ಹೇಗೆ ಬೇಡುವುದು? ಅಂಗೈಯಲ್ಲಿ ಲಿಂಗ ಹಿಡಿದು ಸುಮ್ಮನೆ ನೋಡುತ್ತ ಕೂಡುತ್ತೇನೆ. ಗೋಡೆಯಾಚೆ ಮೂರು ಪೆಟ್ಟು, ಒಂದು ತಿರುವು ಕೇಳುತ್ತಿರುತ್ತದೆ.

ನಿನ್ನೆ ಅವರ ಆಟ ಮುಗಿಯುವುದು ತಡವಾಯಿತು. ಖಾನಾವಳಿಯ ಹೊತ್ತಾಗಿತ್ತು. ಬಿಬಿಜಾನ ಫೋನನ್ನು ಡಬ್ಬಿಗೆ ಆನಿಸಿಯೇ ಇಟ್ಟು ಒಲೆ ಹಚ್ಚಿದಳು, ಮೊದಲ ರೊಟ್ಟಿ ಬಡಿದಳು, ಬೇಯಿಸಿ ಇಳಿಸಿದಳು. ಗೆಣ್ಣು ಹಲಗೆಗೆ ತಾಗಿತು. ಟಕ್ ಟಕ್. ಪರದೆಯಲ್ಲಿ ತಮ್ಮನ ಗೊಂಬೆ ಇನ್ನೂ ನಿಂತಿತ್ತು. ಉಳಿದವರೆಲ್ಲ ಹೋಗಿದ್ದರು.

ಮೆಹರು ಫೋನಿನ ಕಡೆ ಬೆರಳು ಚಾಚಿದಳು. "ಮಾ, ಮೈಕ್ ತಗೀಲೇನು? ಒಬ್ಬನ ಅದಾನ."

ಬಿಬಿಜಾನ ಎರಡನೆಯ ಉಂಡೆ ಕೈಗೆ ತೆಗೆದುಕೊಂಡಳು.

"ಬ್ಯಾಡ," ಎಂದಳು. "ಬಂದ್ ಮಾಡ್ರಿ ಅಂದಾನ."